ಯಾವ ಒಲೆಯ ಕುಯಿಗಳು

ಕುಯ್, ಕುಯ್, ಕುಯ್. ಸೆನೋಬಿಯಾ ಹುಲ್ಲಿನ ಹೊರೆಯನ್ನು ಹೊಸಿಲಲ್ಲಿ ಇಳಿಸುವ ಮೊದಲೇ ಒಳಗಿನಿಂದ ಆ ದನಿ ಏಳುತ್ತಿತ್ತು. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಒಲೆಯ ಸುತ್ತಲಿನ ಕತ್ತಲೆಯೇ ಹಸಿದು ಕೂಗಿದಂತೆ. ಆ ಕೂಗಿನಿಂದಲೇ ಅವಕ್ಕೆ ಕುಯಿ ಎಂಬ ಹೆಸರು. ಪಟ್ಟಣದ ಮಕ್ಕಳು ಅವನ್ನೇ ಗಿನಿಹಂದಿ ಎಂದು ಪಂಜರದಲ್ಲಿಟ್ಟು ಮುದ್ದಿಸುತ್ತಾರಂತೆ. ನಮ್ಮ ಬೆಟ್ಟದೂರಿನಲ್ಲಿ ಅವು ಅಡುಗೆಮನೆಯ ನೆಲದ ಮೇಲೆ, ಹೊಗೆಯಲ್ಲಿ, ಹೆಂಗಸರ ಕಾಲಸಂದಿಯಲ್ಲಿ ಬೆಳೆದು ಹಬ್ಬದ ದಿನ ತಟ್ಟೆಗೆ ಬರುತ್ತವೆ.

ಇಪ್ಪತ್ತಾರು ವರ್ಷ ಸೆನೋಬಿಯಾ ಆ ಹುಲ್ಲು ಹೊತ್ತಿದ್ದಳು. ಅಣ್ಣ ನಿಕಾನೋರನ ಹೆಂಡತಿ ತೆಯೋಫಿಲಾ ಅವಳಿ ಹೆತ್ತಾಗ, ಬಾಣಂತನ ಮುಗಿಯುವ ತನಕ ಎಂದು ತಾಯಿ ಅವಳನ್ನು ಕಳಿಸಿದ್ದಳು. ಆಗ ಅವಳಿಗೆ ಇಪ್ಪತ್ತು. ಅವಳಿಗಳು ಬೆಳೆದು ಗಣಿ ಕೆಲಸಕ್ಕೆ ಹೋದರು. ಅವರ ನಂತರ ಹುಟ್ಟಿದವರೂ ಮದುವೆಯಾಗಿ ಬೇರೆ ಊರು ಸೇರಿದರು. ಸೆನೋಬಿಯಾಳ ಬಾಣಂತನದ ಕೆಲಸ ಮಾತ್ರ ಮುಗಿಯಲಿಲ್ಲ. ನಸುಕಿನಲ್ಲಿ ಎದ್ದು ಒಲೆ ಊದುವವಳು ಅವಳು, ಆಲೂಗಡ್ಡೆ ಬೇಯಿಸುವವಳು ಅವಳು, ಕುಯಿಗಳ ಹಿಕ್ಕೆ ಗುಡಿಸಿ ಹೊಲಕ್ಕೆ ಹಾಕುವವಳೂ ಅವಳೇ. ಕುಯಿಗಳು ಮಾತ್ರ ತೆಯೋಫಿಲಾಳವು.

ನಮ್ಮಲ್ಲಿ ಹಾಗೆ. ಹೊಲ, ಎತ್ತು ಗಂಡಿನದು. ಕುಯಿ ಒಲೆಯ ಒಡತಿಯದು. ಯಾರ ಒಲೆಯ ಬಿಸಿಯಲ್ಲಿ ಅದು ಮಲಗುತ್ತದೋ ಅವಳದು. ಹುಲ್ಲು ಯಾರು ತಂದರು ಎಂದು ಯಾರೂ ಕೇಳುವುದಿಲ್ಲ.

ತಾಯಿ ಸಾಯುವಾಗ ಕಾಲುವೆಯ ಕೆಳಗಿನ ಒಂದು ಪಟ್ಟಿ ನೆಲವನ್ನು ಸೆನೋಬಿಯಾಳಿಗೆ ಬಿಟ್ಟಿದ್ದಳು. ಅದು ಅಣ್ಣನ ಮನೆಗೆ ಒತ್ತಿಕೊಂಡೇ ಇತ್ತು. ಆಚೆ ಬದಿಗೆ ಕಮರಿ. ನಲವತ್ತಾರನೆಯ ವಯಸ್ಸಿನಲ್ಲಿ, ಮಳೆಗಾಲ ಮುಗಿದ ಮೇಲೆ, ಸೆನೋಬಿಯಾ ಅಲ್ಲಿ ಮಣ್ಣು ತುಳಿಯತೊಡಗಿದಳು. ಯಾರಿಗೂ ಏನೂ ಹೇಳಲಿಲ್ಲ. ಮೊದಲ ಸಾಲು ಹಸಿ ಇಟ್ಟಿಗೆ ಬಿಸಿಲಿಗೆ ಒಣಗಲು ಕೂತ ದಿನ ತೆಯೋಫಿಲಾ ಬೇಲಿಯ ಆಚೆಯಿಂದ ನೋಡಿದಳು.

“ಏನ್ ಕಟ್ತಿದೀಯಾ? ಕೋಳಿ ಗೂಡಾ?”

“ಅಡುಗೆಮನೆ, ಅತ್ತಿಗೆ.”

“ಯಾರಿಗೆ?”

“ನನಗೆ.”

ತೆಯೋಫಿಲಾ ನಕ್ಕಳು. ಒಳ್ಳೆಯ ನಗುವೇ. ಆದರೆ ಆ ದಿನ ಸಂಜೆ, ಕೀಲುನೋವಿನಿಂದ ಬಾತುಕೊಂಡಿದ್ದ ತನ್ನ ಬೆರಳುಗಳನ್ನು ಅವಳು ಒಲೆಯ ಮುಂದೆ ಬಹಳ ಹೊತ್ತು ನೋಡುತ್ತ ಕುಳಿತಿದ್ದಳು. ಇಪ್ಪತ್ತಾರು ವರ್ಷ ಆ ಬೆರಳುಗಳು ನಸುಕಿನಲ್ಲಿ ಬೂದಿ ಕೆದಕಿರಲಿಲ್ಲ.

ಊರಿನವರು ಎರಡು ಭಾನುವಾರ ಬಂದು ಗೋಡೆ ಎತ್ತಿಕೊಟ್ಟರು, ಮೇಲೆ ಹುಲ್ಲು ಹೊದಿಸಿದರು. ಒಂದು ಬಾಗಿಲು, ಕಿಟಕಿಯಿಲ್ಲ, ಮೂಲೆಯಲ್ಲಿ ಒಲೆ, ಒಲೆಯ ಬುಡದಲ್ಲಿ ಕುಯಿಗಳು ಅಡಗಲು ಕಲ್ಲಿನ ಪೊಟರೆ. ಪೊಟರೆಯನ್ನು ಅವಳೇ ಕಟ್ಟಿದಳು.

ಕುಯಿ ಕೊಟ್ಟವಳು ಮೇಲಿನ ಕೇರಿಯ ಇಲಾರಿಯಾ. ವಿಧವೆ, ಬಾಯಿ ಜೋರು, ಎರಡು ಹಲ್ಲು ಇಲ್ಲ. ಮೂರು ಹೆಣ್ಣು ಕುಯಿಗಳನ್ನು ಶಾಲಿನಲ್ಲಿ ಕಟ್ಟಿಕೊಂಡು ಬಂದು ಹೊಸ ನೆಲದ ಮೇಲೆ ಬಿಟ್ಟಳು. ಒಂದು ಕಂದು, ಒಂದು ಕಂದುಬಿಳಿ, ಇನ್ನೊಂದು ಹಣೆಯ ಮೇಲೆ ಬಿಳಿ ಬೊಟ್ಟಿನ ಕೆಂಚಿ.

“ಬೊಟ್ಟಿನವಳಿಗೆ ಹೊಟ್ಟೆ ಬಂದಿದೆ. ಕೈಯಲ್ಲಿ ಎತ್ತಬೇಡ. ಹೆದರಿಸಬೇಡ. ಬಾಗಿಲು ಧಡಾರ್ ಅಂತ ಹಾಕಬೇಡ.”

“ನನಗೆ ಹೇಳ್ತೀಯಾ? ಅತ್ತಿಗೆ ಮನೇಲಿ ಎಷ್ಟು ಸಾವಿರ ಸಾಕಿದೀನಿ.”

“ಅದು ಬೇರೆ ಕಣೆ. ಅವು ಸತ್ತರೆ ಬೈಗುಳ. ಇವು ಸತ್ತರೆ ನಿನ್ನ ಹೊಟ್ಟೆ ಉರಿಯೋದು. ನೋಡ್ತಿರು, ನಾಳೆಯಿಂದ ನಿನಗೆ ಏನೂ ಗೊತ್ತಿಲ್ಲದ ಹಾಗೆ ಆಗುತ್ತೆ.”

ಹಾಗೆಯೇ ಆಯಿತು. ಇಪ್ಪತ್ತಾರು ವರ್ಷ ಕಣ್ಣು ಮುಚ್ಚಿ ಮಾಡಿದ್ದೆಲ್ಲ ಮರೆತುಹೋಯಿತು. ಇಬ್ಬನಿ ಹುಲ್ಲು ತಿಂದರೆ ಹೊಟ್ಟೆ ಉಬ್ಬಿ ಸಾಯುತ್ತವೆ ಎಂದು ಗೊತ್ತಿದ್ದವಳು, ಮಧ್ಯಾಹ್ನದ ಬಿಸಿಲಲ್ಲಿ ಕೊಯ್ದ ಕುದುರೆಮೆಂತೆಯನ್ನೂ ಕೆನ್ನೆಗೆ ಒತ್ತಿ ತೇವ ನೋಡುತ್ತಿದ್ದಳು. ಕೊಯ್ದ ಹುಲ್ಲನ್ನು ರಾಶಿ ಹಾಕಿದರೆ ಒಳಗೆ ಬಿಸಿಯೇರಿ ಕೆಡುತ್ತದೆಂದು ನೆಲದ ತುಂಬ ಹರಡಿ, ತನಗೆ ಕಾಲಿಡಲು ಜಾಗವಿಲ್ಲದೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಂದು ಕುಯಿ ಮೇಯದೆ ಮೂಲೆಯಲ್ಲಿ ಕುಳಿತರೆ ಅವಳಿಗೂ ಊಟ ಸೇರುತ್ತಿರಲಿಲ್ಲ. ಸಂತೆಯಿಂದ ಒಂದು ಎಳೆಯ ಗಂಡನ್ನು ತಂದಳು. ಅದು ಹೆಣ್ಣುಗಳ ಹಿಂದೆ ಸೊಂಟ ತಿರುಗಿಸುತ್ತ ಗುರುಗುರು ಎಂದು ಓಡಾಡಿದಾಗ ಇಲಾರಿಯಾ, “ನೋಡು, ನಿನ್ನ ಮನೆಗೂ ಒಬ್ಬ ಗಂಡಸು ಬಂದ” ಎಂದಳು. ಸೆನೋಬಿಯಾ ಆ ಮಾತಿಗೆ ನಕ್ಕಳು. ಅವಳು ನಗುವುದನ್ನು ಊರು ನೋಡಿದ್ದೇ ಕಡಿಮೆ.

ಅವಳಿಗೆ ಬೇಕಿದ್ದದ್ದು ಒಂದೇ. ಆಗಸ್ಟ್ ಕೊನೆಯಲ್ಲಿ ಕಾಲುವೆಯ ಹೂಳೆತ್ತುವ ದಿನ ಬರುತ್ತದೆ. ಅಂದು ಊರಿನ ಪ್ರತಿಯೊಂದು ಒಲೆಯೂ ಒಂದು ಮಡಕೆ ಕುಯಿ ಬೇಯಿಸಿ ತಂದು, ಕಾಲುವೆಯ ತಲೆಯಲ್ಲಿ, ನೀರು ಬಿಡುವ ತೂಬಿನ ಬಳಿ, ಹಾಸಿದ ಕಂಬಳಿಯ ಮೇಲೆ ಇಡಬೇಕು. ನೀರಿನ ಯಜಮಾನ ಒಂದೊಂದೇ ಮಡಕೆ ತೋರಿಸಿ ಯಾವ ಒಲೆಯದು ಎಂದು ಕೇಳುತ್ತಾನೆ. ಒಡತಿ ತನ್ನ ಒಲೆಯ ಹೆಸರು ಹೇಳಬೇಕು, ಗಂಡನಿದ್ದರೆ ಅದು ಗಂಡನ ಹೆಸರು. ಹೊಸ ಒಲೆಯಾದರೆ ಗೋಡೆಗೆ ಗೋಡೆ ತಾಗಿದ ಮನೆಯವರು ಹೌದು ಎನ್ನಬೇಕು. ಆಮೇಲೆ ಆ ಹೆಸರನ್ನು ಎಲ್ಲರೆದುರು ಕೂಗಿ ಅದಕ್ಕೊಂದು ನೀರಿನ ಸರದಿ ಕೊಡುತ್ತಾರೆ. ಅಲ್ಲಿಯ ತನಕ ಆ ಪಟ್ಟಿ ನೆಲ ಅಣ್ಣನ ಸರದಿಯೊಳಗೇ ನೀರು ಕಾಣುತ್ತಿತ್ತು, ಅಣ್ಣನದು ತುಂಬಿ ಉಳಿದರೆ. ಸೆನೋಬಿಯಾ ಎಂಬ ಹೆಸರನ್ನು ಕಾಲುವೆಯ ತಲೆಯಲ್ಲಿ ಯಾರೂ ಯಾವತ್ತೂ ಕೂಗಿರಲಿಲ್ಲ.

ಜೂನಿನಲ್ಲಿ, ನಮ್ಮ ಬೆಟ್ಟದ ಚಳಿಗಾಲದಲ್ಲಿ, ಹಿಮ ಬಿತ್ತು. ಆ ವರ್ಷ ಬೇಗ ಬಿತ್ತು, ಗಟ್ಟಿಯಾಗಿ ಬಿತ್ತು. ಹೊಸ ಗೋಡೆ ಒಳಗೊಳಗೇ ಹಸಿಯಿತ್ತು. ಒಲೆ ಉರಿದಷ್ಟೂ ಗೋಡೆ ಬೆವರುತ್ತಿತ್ತು, ನೆಲ ತಣ್ಣಗೆ ಕೊರೆಯುತ್ತಿತ್ತು. ಬೊಟ್ಟಿನವಳು ಮೂರು ಮರಿ ಹಾಕಿದಳು. ಕುಯಿ ಮರಿಗಳು ಕಣ್ಣು ತೆರೆದೇ ಹುಟ್ಟುತ್ತವೆ, ಮೈಮೇಲೆ ಕೂದಲು, ಹುಟ್ಟಿದ ಗಳಿಗೆಯಲ್ಲೇ ಓಟ. ಮೂರನೆಯ ಬೆಳಗ್ಗೆ ಅವುಗಳಲ್ಲಿ ಎರಡು ಗೋಡೆಗೆ ಅಂಟಿಕೊಂಡು ಸೆಟೆದಿದ್ದವು, ಕಣ್ಣು ತೆರೆದೇ ಇದ್ದವು. ಸೆನೋಬಿಯಾ ಅವನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲಿಗೆ ಬಂದಾಗ ತೆಯೋಫಿಲಾ ಅಂಗಳದಲ್ಲಿದ್ದಳು.

“ಅಯ್ಯೋ, ಪಾಪದ್ದು. ಹಸಿ ಗೋಡೆ ಕಣೇ. ಇನ್ನು ಎರಡು ತಿಂಗಳು ಅದು ಒಣಗಲ್ಲ. ಅಷ್ಟರಲ್ಲಿ ಎಲ್ಲಾ ಸಾಯ್ತವೆ.”

“ಒಲೆ ಜಾಸ್ತಿ ಉರಿಸ್ತೀನಿ.”

“ಸೌದೆ ಎಲ್ಲಿಂದ ತರ್ತೀಯಾ? ನಮ್ಮನೇಲಿ ಬಿಡು. ನಲವತ್ತು ವರ್ಷದ ಹೊಗೆ ಅಲ್ಲಿದೆ. ನಿನ್ನ ನಾಲ್ಕು ಕುಯಿ ಬಂದು ನನ್ನ ಒಲೆ ತಿಂದುಹಾಕ್ತವಾ?”

ಸೆನೋಬಿಯಾ ಆ ದಿನವೆಲ್ಲ ಯೋಚಿಸಿದಳು. ಅಂಗೈಯಲ್ಲಿದ್ದದ್ದು ನಿಜ, ಹಿಮವೂ ನಿಜ. ಅತ್ತಿಗೆಯ ದನಿಯಲ್ಲಿದ್ದ ಕನಿಕರವೂ ಸುಳ್ಳಿರಲಿಲ್ಲ. ಸಂಜೆಗೆ ಮುಂಚೆ ಇಲಾರಿಯಾಳ ಹಳೆಯ ಶಾಲಿನಲ್ಲೇ ಕುಯಿಗಳನ್ನು ಕಟ್ಟಿಕೊಂಡು ಹೊಸಿಲು ದಾಟಿ ಅತ್ತಿಗೆಯ ಒಲೆಯ ಮುಂದೆ ಬಿಟ್ಟಳು. ಒಂದೊಂದರ ಮುಖವೂ ತನಗೆ ಗೊತ್ತಿದೆ, ಎಲ್ಲಿ ಹೋದಾವು ಎಂದುಕೊಂಡಳು.

ಇಲಾರಿಯಾ ಸುದ್ದಿ ಕೇಳಿ ಬೆಟ್ಟ ಇಳಿದು ಬಂದಳು.

“ಕಿವಿಯಾದರೂ ಕತ್ತರಿಸಿ ಗುರುತು ಮಾಡಿದ್ಯಾ?”

“ನಮ್ಮನೆಯವರೇ ತಾನೇ.”

“ನಿಮ್ಮನೆಯವರೇ ಅಂತಲೇ ಕೇಳ್ತಿರೋದು.”

“ಸುಮ್ನಿರು ಇಲಾರಿಯಾ. ಎರಡು ತಿಂಗಳ ಮಾತು.”

ಇಲಾರಿಯಾ ಕೋಕಾ ಎಲೆ ಜಗಿಯುತ್ತ ಹೊರಟುಹೋದಳು. ಬೇರೆಯವರ ಒಲೆಗೆ ಕುಯಿ ಒಯ್ಯುವುದೆಂದರೆ ಏನೆಂದು ಊರಿನ ಯಾವ ಹುಡುಗಿಗೂ ಗೊತ್ತು. ಸೆನೋಬಿಯಾಳಿಗೂ ಗೊತ್ತಿತ್ತು. ಆದರೆ ಆ ಒಲೆಯನ್ನು ಇಪ್ಪತ್ತಾರು ವರ್ಷ ತಾನೇ ಊದಿದ್ದರಿಂದ, ಅದು ಬೇರೆಯವರದು ಎಂಬುದು ಆ ಹೊತ್ತಿಗೆ ಅವಳ ಮನಸ್ಸಿಗೆ ಬರಲಿಲ್ಲ.

ಒಂದೇ ನೆಲದ ಮೇಲೆ ಎರಡು ಗಂಡು ಕುಯಿ ಬಾಳುವುದಿಲ್ಲ. ನಾಲ್ಕನೆಯ ದಿನ ತೆಯೋಫಿಲಾಳ ಮುದಿ ಗಂಡು ಸೆನೋಬಿಯಾಳ ಎಳೆಯದರ ಬೆನ್ನು ಹರಿದು ಹಾಕಿತು. ಗಾಯ ಕೀವಾಗುವ ಮುಂಚೆ ಎಂದು ತೆಯೋಫಿಲಾ ಅದನ್ನು ಸಾರಿಗೆ ಹಾಕಿದಳು. ಒಂದು ತೊಡೆಯನ್ನು ಸೆನೋಬಿಯಾಳ ತಟ್ಟೆಗೂ ಬಡಿಸಿದಳು. ಜುಲೈ ಕಳೆಯಿತು. ಹೆಣ್ಣುಗಳು ಮರಿ ಹಾಕಿದವು. ತೆಯೋಫಿಲಾಳ ಹೆಣ್ಣುಗಳೂ ಹಾಕಿದವು. ಕಂದು, ಕೆಂಚು, ಬಿಳಿ ಎಲ್ಲ ಬೆರೆತು, ಒಂದರ ಮೊಲೆಯನ್ನು ಇನ್ನೊಂದರ ಮರಿ ಉಣ್ಣುತ್ತ, ಇಡೀ ನೆಲ ಒಂದೇ ತುಪ್ಪಳದ ಕಂಬಳಿಯಂತೆ ಅಲುಗಾಡುತ್ತಿತ್ತು. ಹುಲ್ಲು ಹಾಕುವವಳು ಸೆನೋಬಿಯಾಳೇ.

ಆಗಸ್ಟಿನಲ್ಲಿ ಗೋಡೆ ಒಣಗಿತು. ಬೆರಳಿನಿಂದ ತಟ್ಟಿದರೆ ಮಡಕೆಯಂತೆ ಸದ್ದು ಕೊಡುತ್ತಿತ್ತು. ಹೂಳೆತ್ತುವ ದಿನಕ್ಕೆ ಒಂದು ವಾರ ಇತ್ತು. ಸೆನೋಬಿಯಾ ಶಾಲು ಹಿಡಿದುಕೊಂಡು ಅತ್ತಿಗೆಯ ಅಡುಗೆಮನೆಗೆ ಬಂದಳು. ನಿಕಾನೋರ್ ಗೋಡೆಯ ಬದಿ ಕುಳಿತು ನೇಗಿಲ ಹಗ್ಗ ಹೊಸೆಯುತ್ತಿದ್ದ.

“ನನ್ನವನ್ನ ತಗೊಂಡು ಹೋಗ್ತೀನಿ, ಅತ್ತಿಗೆ.”

“ತಗೊಂಡು ಹೋಗು. ಯಾವುದು ನಿನ್ನದು?”

“ಬೊಟ್ಟಿನವಳು, ಆ ಕಂದು, ಈ ಕಂದುಬಿಳಿ. ಅವುಗಳ ಮರಿ ಏಳು. ಹಿಮದಲ್ಲಿ ಉಳಿದದ್ದು ಒಂದು.”

“ಮರಿ ಹೇಗೆ ನಿನ್ನದು? ಗಂಡು ಯಾರದು?”

“ನನ್ನ ಗಂಡನ್ನ ನೀವು ಸಾರು ಮಾಡಿದ್ರಿ.”

“ನೀನೂ ತಿಂದೆಯಲ್ಲ. ಬೇಡ ಅಂದ್ಯಾ?”

ನಿಕಾನೋರ್ ಹಗ್ಗದಿಂದ ತಲೆಯೆತ್ತಲಿಲ್ಲ. ತೆಯೋಫಿಲಾ ಒಲೆಯ ಪಕ್ಕದ ಕುರಿತೊಗಲಿನ ಮೇಲೆ ಕುಳಿತು, ಯಾವುದೋ ಆಟ ಹೊಳೆದವಳಂತೆ ಹೇಳಿದಳು:

“ಜಗಳ ಯಾಕೆ? ಪ್ರಾಣಿಗೆ ಒಡತಿ ಯಾರು ಅಂತ ಪ್ರಾಣಿಗೇ ಗೊತ್ತಿರುತ್ತೆ. ಬಾಗಿಲಲ್ಲಿ ನಿಂತು ಕರಿ. ಯಾವುದು ನಿನ್ನ ಹತ್ರ ಬರುತ್ತೋ ಅದು ನಿನ್ನದು. ನಾನು ತಡೆಯಲ್ಲ.”

ಸೆನೋಬಿಯಾಳ ಮುಖ ಬೆಳಗಿತು. ಬೊಟ್ಟಿನವಳು ತನ್ನ ದನಿಗೆ ಬಂದೇ ಬರುತ್ತಾಳೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತು, ದಿನವೂ ಮಾಡುವಂತೆ ನಾಲಿಗೆಯಿಂದ ಲೊಚಗುಟ್ಟಿದಳು.

ಬೊಟ್ಟಿನವಳು ಬಂದಳು. ಕಂದು ಬಂತು, ಕಂದುಬಿಳಿ ಬಂತು. ಅವುಗಳ ಹಿಂದೆ ಮರಿಗಳು. ಆಮೇಲೆ ಪೊಟರೆಯಿಂದ, ಸೌದೆಯ ಸಂದಿಯಿಂದ, ಮಂಚದ ಕೆಳಗಿನಿಂದ ಉಳಿದವು. ಹದಿನೈದು, ಇಪ್ಪತ್ತು, ಮೂವತ್ತು. ತೆಯೋಫಿಲಾಳ ಕುಯಿಗಳು, ಅವಳ ಮುದಿ ಗಂಡೂ ಕೂಡ, ಸೆನೋಬಿಯಾಳ ಲಂಗದಂಚಿಗೆ ಬಂದು ಮೂಗು ಎತ್ತಿ ನಿಂತವು. ಅವು ಹುಟ್ಟಿದಂದಿನಿಂದ ಕೇಳಿದ ದನಿ ಅದೊಂದೇ. ತೆಯೋಫಿಲಾಳ ಬಳಿ ಒಂದೂ ಉಳಿಯಲಿಲ್ಲ.

ತೆಯೋಫಿಲಾ ಗಂಡನ ಕಡೆ ತಿರುಗಿದಳು.

“ನೋಡಿದ್ರಾ? ಎಲ್ಲಾ ಅವಳದಂತೆ. ನಾವೂ ಎದ್ದು ಅವಳ ಹಿಂದೆ ಹೋಗೋಣ ನಡೀರಿ.”

ನಿಕಾನೋರ್ ನಕ್ಕ. ಸೆನೋಬಿಯಾ ತನ್ನ ಕಾಲ ಬಳಿಯ ಆ ಬಾಯಿಗಳನ್ನೆಲ್ಲ ನೋಡಿದಳು. ಅವಳ ಕೈಯಲ್ಲಿ ಹುಲ್ಲಿರಲಿಲ್ಲ. ಒಂದೊಂದೇ ಬೇಸತ್ತು ಹಿಂದಿರುಗಿದವು.

“ಅಣ್ಣ, ನೀನಾದರೂ ಹೇಳು. ಇಲಾರಿಯಾ ಕೊಟ್ಟಿದ್ದು ನೀನೇ ನೋಡಿದೀಯಾ.”

“ಹೆಂಗಸರ ಕುಯಿ ವಿಷಯಕ್ಕೆ ನಾನು ಬರಲ್ಲಮ್ಮ. ಎರಡು ತಗೋ. ಒಂದು ಮಡಕೆಗೆ ಎರಡು ಸಾಕಲ್ಲ. ಉಳಿದದ್ದು ಆಮೇಲೆ ನೋಡೋಣ.”

ಆಮೇಲೆ ಎಂಬುದು ಎಂದು ಬರುತ್ತದೆಂದು ಆ ಮನೆಯಲ್ಲಿ ಅವಳಷ್ಟು ಬಲ್ಲವರಿರಲಿಲ್ಲ. ತಾಯಿಯ ಪಟ್ಟಿ ನೆಲಕ್ಕೆ ನೀರು ಕೂಡ ಆಮೇಲೆಯೇ ಬರುತ್ತಿತ್ತು. ಅವಳು ಬೊಟ್ಟಿನವಳನ್ನೂ ಕಂದನ್ನೂ ಎತ್ತಿಕೊಂಡಳು.

ಬೊಟ್ಟಿನವಳನ್ನು ಉಳಿಸಿಕೊಂಡು ಒಂದನ್ನೇ ಬೇಯಿಸಬಹುದಿತ್ತು. ಆದರೆ ಒಂದೇ ಕುಯಿಯ ಮಡಕೆ ತಂದ ಒಲೆಯನ್ನು ಊರು ವರ್ಷವಿಡೀ ಆಡಿಕೊಳ್ಳುತ್ತದೆ. ಹೂಳೆತ್ತುವ ದಿನ ಬೆಳಗ್ಗೆ ತನ್ನ ಒಲೆ ಹಚ್ಚಿ, ನೀರು ಕುದಿಯಲಿಟ್ಟು, ಸೆನೋಬಿಯಾ ಎರಡರ ಕತ್ತನ್ನೂ ಹೆಬ್ಬೆರಳಿನಿಂದ ಮುರಿದಳು. ಆ ಕೆಲಸ ಅವಳು ಸಾವಿರ ಸಲ ಮಾಡಿದ್ದಳು. ಬಿಸಿನೀರಲ್ಲಿ ಅದ್ದಿ ಕೂದಲು ಕಿತ್ತಾಗ ಹಣೆಯ ಬೊಟ್ಟು ಉಳಿದ ಕೂದಲಿನ ಜೊತೆ ಬಂದುಬಿಟ್ಟಿತು. ಒಳಗಿನ ಚರ್ಮ ಎಲ್ಲ ಕಡೆಯೂ ಒಂದೇ ಬಣ್ಣ. ಒಣಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ಹಾಕಿದಳು. ಆಲೂಗಡ್ಡೆ ಹಾಕಿದಳು. ಹುಲ್ಲಿನ ಮಾಡಿನಿಂದ ಹೊಗೆ ಎದ್ದು ಕಮರಿಯ ಕಡೆ ಹೋಯಿತು. ಅದನ್ನು ಊರೆಲ್ಲ ನೋಡಿತು.

ಮಧ್ಯಾಹ್ನಕ್ಕೆ ಹೂಳೆತ್ತುವುದು ಮುಗಿಯಿತು. ಗಂಡಸರು ಕೆಸರು ಮೆತ್ತಿದ ಕಾಲುಗಳನ್ನು ಬಿಸಿಲಿಗೆ ಚಾಚಿ ಕುಳಿತಿದ್ದರು, ಮೆಕ್ಕೆಜೋಳದ ಮದ್ಯದ ಚಂಬು ಕೈಯಿಂದ ಕೈಗೆ ಹೋಗುತ್ತಿತ್ತು. ಕಂಬಳಿಯ ಮೇಲೆ ಮಡಕೆಗಳ ಸಾಲು. ನೀರಿನ ಯಜಮಾನ ಎರಾಸ್ಮೊ ಮುದುಕ; ಚಿಕ್ಕವರೂ ದೊಡ್ಡವರೂ ಅವನನ್ನು ತಾಯ್ತಾ, ಅಂದರೆ ಅಪ್ಪ ಎಂದೇ ಕರೆಯುತ್ತಾರೆ. ಅವನು ಕೋಲಿನಿಂದ ಒಂದೊಂದು ಮಡಕೆಯನ್ನು ತೋರಿಸುತ್ತ ಬಂದ. ಹೆಸರುಗಳು ಎದ್ದವು, ಸರದಿಗಳು ಬಿದ್ದವು. ನಿಕಾನೋರನ ಮಡಕೆ ಆಯಿತು. ಅದರ ಪಕ್ಕದ್ದು ಬಂತು.

“ಇದು ಯಾವ ಒಲೆಯದು?”

“ಸೆನೋಬಿಯಾಳ ಒಲೆ, ತಾಯ್ತಾ.” ಅವಳ ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂತು.

“ಹೊಸದು. ಒಳ್ಳೇದಾಯ್ತು. ಗೋಡೆ ತಾಗಿದವರು ಯಾರು?”

ಒಂದು ಕಡೆ ಕಮರಿ. ಇನ್ನೊಂದು ಕಡೆಯವರನ್ನು ಎಲ್ಲರೂ ನೋಡಿದರು. ನಿಕಾನೋರ್ ಹೆಂಡತಿಯನ್ನು ನೋಡಿದ. ಹೊಸ ಒಲೆಗೆ ಕೊಡುವ ನೀರು ಗೋಡೆ ತಾಗಿದ ಒಲೆಯ ಸರದಿಯಿಂದಲೇ ಕಡಿದು ಬರಬೇಕು. ಅದೂ ಎಲ್ಲರಿಗೆ ಗೊತ್ತಿತ್ತು.

ತೆಯೋಫಿಲಾ ಎದ್ದು ನಿಂತಳು. ಬಾತ ಬೆರಳುಗಳನ್ನು ಶಾಲಿನೊಳಗೆ ಮರೆಮಾಡಿಕೊಂಡಳು.

“ಏನ್ ಹೇಳಲಿ, ತಾಯ್ತಾ. ಈ ಕುಯಿಗಳು ಮಲಗಿದ್ದು ನನ್ನ ಒಲೆ ಹತ್ರ, ಜೂನಿನಿಂದ. ಬೇಕಾದ್ರೆ ಅವಳನ್ನೇ ಕೇಳಿ. ಅಡುಗೆ ನಾದಿನಿದು. ಅವಳ ಕೈ ರುಚಿ ನಿಮಗೆಲ್ಲ ಗೊತ್ತೇ ಇದೆ.”

“ಹಿಮಕ್ಕೆ ಇಟ್ಟಿದ್ದು ಅಷ್ಟೇ” ಎಂದು ಇಲಾರಿಯಾ ಹಿಂದಿನಿಂದ ಕೂಗಿದಳು. “ಕುಯಿ ನಾನು ಕೊಟ್ಟಿದ್ದು, ತಾಯ್ತಾ. ಮೂರೂ ನನ್ನ ಒಲೆಯವು.”

“ನಿನ್ನ ಗೋಡೆ ತಾಗುತ್ತಾ, ಇಲಾರಿಯಾ?”

“ಗೋಡೆ ತಾಗದಿದ್ರೆ ಕಣ್ಣೂ ಕಾಣಲ್ವಾ?”

ಕೆಲವರು ನಕ್ಕರು. ಯಜಮಾನ ನಗಲಿಲ್ಲ. ಅವನು ಸೆನೋಬಿಯಾಳ ಕಡೆ ಬಾಗಿ, ಮೆಲ್ಲಗೆ ಕೇಳಿದ:

“ಅತ್ತಿಗೆ ಒಲೆ ಹತ್ರ ಮಲಗಿದ್ವಾ ಮಗಳೇ?”

ಸುಳ್ಳು ಹೇಳಬಹುದಿತ್ತು. ಕಾಲುವೆಯ ತಲೆಯಲ್ಲಿ, ಇನ್ನೇನು ನೀರು ಬಿಡುವ ಹೊತ್ತಿನಲ್ಲಿ, ನಮ್ಮಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ.

“ಮಲಗಿದ್ವು” ಎಂದಳು.

“ಹಾಗಾದ್ರೆ ಇದೂ ನಿಕಾನೋರನ ಒಲೆಯದೇ ಆಯ್ತು.” ಮುದುಕ ಕೋಲನ್ನು ನೆಲಕ್ಕೆ ಊರಿದ. “ಈ ವರ್ಷ ಎರಡು ಮಡಕೆ ತಂದ ಒಲೆ ಇದೊಂದೇ. ದೊಡ್ಡ ಮನಸ್ಸು, ನಿಕಾನೋರ್. ದೇವರು ನಿನ್ನ ಒಲೆ ಕಾಯಲಿ.”

ಗಂಡಸರು ಹೌದು ಹೌದು ಎಂದರು. ನಿಕಾನೋರ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಮುಂದಿನ ಮಡಕೆಗಳ ಹೆಸರುಗಳು ಮುಗಿದವು, ಮುಚ್ಚಳಗಳು ತೆರೆದವು, ಆವಿಯ ಜೊತೆ ಮೆಣಸಿನಕಾಯಿಯ ಘಾಟು ಎದ್ದಿತು. ಯಾರೋ ಸೆನೋಬಿಯಾಳ ಮಡಕೆಯಿಂದ ಮೊದಲ ತುಂಡು ತೆಗೆದು ಬೆರಳು ನೆಕ್ಕಿ, ಇಂಥ ಹದ ಮೇಲಿನ ಕೇರಿಯಲ್ಲಿ ಯಾರಿಗೂ ಬರುವುದಿಲ್ಲ ಎಂದರು. ಬೊಟ್ಟಿನವಳ ತಲೆಯನ್ನು ಗೌರವಕ್ಕೆಂದು ಯಜಮಾನನ ತಟ್ಟೆಗೆ ಹಾಕಿದರು.

ಸೆನೋಬಿಯಾ ನಿಂತೇ ಇದ್ದಳು. ಎರಾಸ್ಮೊ ಮುದುಕನಿಗೆ ಅದು ಕಂಡಿತು. ಒಳ್ಳೆಯ ಮನುಷ್ಯ, ಆ ತಟ್ಟೆಯನ್ನು ಹಿಡಿದುಕೊಂಡೇ ಪಕ್ಕದ ಕಲ್ಲನ್ನು ಕೈಯಿಂದ ಒರೆಸಿ ಜಾಗ ಮಾಡಿದ.

“ಬಾ, ಕೂತ್ಕೊ. ಬೇಜಾರು ಮಾಡ್ಕೋಬೇಡ. ಕಟ್ಟಳೆ ನಾನು ಮಾಡಿದ್ದಲ್ಲ. ಮುಂದಿನ ವರ್ಷ ಗೋಡೆ ಚೆನ್ನಾಗಿ ಒಣಗಿರುತ್ತೆ. ಎರಡು ಕುಯಿ ಇಟ್ಕೊ, ನಿನ್ನ ಒಲೆ ಹತ್ರಾನೇ ಮಲಗಿಸು, ಏನೇ ಆದ್ರೂ ಹೊಸಿಲು ದಾಟಿಸಬೇಡ. ಅತ್ತಿಗೆ ಕೊಡ್ತಾಳೆ ಎರಡು. ಕೊಡ್ತೀಯಲ್ಲ, ತೆಯೋಫಿಲಾ?”

“ಯಾಕೆ ಕೊಡಲ್ಲ, ತಾಯ್ತಾ? ಅವಳಿಗೆ ಇಲ್ಲದ್ದು ನಮ್ಮನೇಲಿ ಏನಿದೆ?”

“ಕೇಳಿದೆಯಲ್ಲ. ಇನ್ನೊಂದು ವಿಷಯ, ಆ ಒಲೆಯ ಬಾಯಿ ಗಾಳಿಯ ಕಡೆ ಇದೆ ಅಂತ ಕಾಣುತ್ತೆ, ಬೆಳಗ್ಗೆ ಹೊಗೆ ನೋಡಿದೆ, ಅದನ್ನ ಸ್ವಲ್ಪ ತಿರುಗಿಸಿ…”

ಸೆನೋಬಿಯಾ ಕಂಬಳಿಯ ಅಂಚಿನಲ್ಲಿ ಬಿಚ್ಚಿಟ್ಟಿದ್ದ ಚಪ್ಪಲಿಗಳನ್ನು ಕೈಯಲ್ಲಿ ಎತ್ತಿಕೊಂಡು, ಆಗಷ್ಟೇ ಹೂಳೆತ್ತಿದ ಕಾಲುವೆಯ ನೀರಿಲ್ಲದ ತಳಕ್ಕೆ ಇಳಿದು ತನ್ನ ಪಟ್ಟಿ ನೆಲದ ಕಡೆ ನಡೆಯತೊಡಗಿದಳು. ಮುದುಕ ಇನ್ನೂ ಒಲೆಯ ಬಾಯಿಯ ಮಾತು ಹೇಳುತ್ತಿದ್ದ. ಯಾವ ಕಡೆ ತಿರುಗಿಸಬೇಕೆಂದು ಕೋಲಿನಿಂದ ಗಾಳಿಯಲ್ಲಿ ಗೀರಿ ತೋರಿಸುತ್ತಿದ್ದ. ಅವಳು ಮೊದಲ ತಿರುವು ದಾಟಿದ್ದಳು.